ಒಲೆ ಆರಿಸಿದ ಗಿರಿಯಪ್ಪ

ಶೇಖಸಾಬರ ಅಂಗಡಿಯ ಮಾಡಿನ ಮೇಲೆ ಮಂಗವೊಂದು ಕುಣಿದು ಹೆಂಚು ಒಡೆದದ್ದೇ ಇಷ್ಟಕ್ಕೆಲ್ಲ ಮೂಲ. ಮಂಗನನ್ನು ಬೈದು ಪ್ರಯೋಜನವಿಲ್ಲ. ಅದು ಆಗಲೇ ಬಂಕಾಪುರದ ದಾರಿ ಹಿಡಿದಿತ್ತು. ಬೈಸಿಕೊಳ್ಳುವುದಕ್ಕೆ ಊರಲ್ಲಿ ಉಳಿದವನು ಗಿರಿಯಪ್ಪ ಒಬ್ಬನೇ.

ಶಿಗ್ಗಾಂವಿಗೆ ಇನ್ನೂ ಕರೆಂಟಿನ ಗಾಳಿ ತಾಗಿರಲಿಲ್ಲ, ದೊಡ್ಡ ಯುದ್ಧವೂ ಶುರುವಾಗಿರಲಿಲ್ಲ. ಮದುವೆ ಮೆರವಣಿಗೆಯಿರಲಿ, ಬಯಲಾಟವಿರಲಿ, ಹುಲಗೂರಿನ ಉರುಸಿರಲಿ, ಶೇಖಸಾಬರ ಗ್ಯಾಸ್ ಬತ್ತಿಗಳೇ ಬರಬೇಕು. ಬತ್ತಿಯ ಹೊಟ್ಟೆಯಲ್ಲಿ ಕಾರ್ಬೈಡಿನ ಕಲ್ಲು, ತಲೆಯ ಮೇಲೆ ನೀರು. ನೀರು ಹನಿಹನಿಯಾಗಿ ಕಲ್ಲಿಗೆ ತಾಗಿದರೆ ಗ್ಯಾಸು ಹುಟ್ಟುತ್ತದೆ, ಕಡ್ಡಿ ಗೀರಿದರೆ ಹಾಲಿನ ಹಾಗೆ ಬೆಳ್ಳಗೆ ಉರಿಯುತ್ತದೆ. ಈ ಬತ್ತಿಗಳನ್ನು ಹೊತ್ತಿಸಿ, ಆರಿಸಿ, ತೊಳೆದಿಡುವ ಕೆಲಸ ಗಿರಿಯಪ್ಪನದು. ಅದಕ್ಕಿಂತ ದೊಡ್ಡ ಕೆಲಸ ಅದರ ಬಗ್ಗೆ ಮಾತಾಡುವುದು. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ತಡೆದು ನಿಲ್ಲಿಸಿಯೂ ಹೇಳುತ್ತಿದ್ದ.

"ಬಳ್ಳೊಳ್ಳಿ ವಾಸನಿ ಬಂತಂದ್ರ ಗ್ಯಾಸ್ ಸೋರಾಕತ್ತೈತಿ ಅಂತ ತಿಳ್ಕೋರಿ. ಖೋಲಿ ತುಂಬ ಗ್ಯಾಸ್ ಕುಂತಿರ್ತೈತಿ, ಕಣ್ಣಿಗೆ ಕಾಣಂಗಿಲ್ಲ. ಆಗ ಯಾರರ ಕಡ್ಡಿ ಗೀರಿದ್ರ ಖೋಲೀನೂ ಇಲ್ಲ, ಗೀರಿದಂವನೂ ಇಲ್ಲ. ಬಳ್ಳೊಳ್ಳಿ ವಾಸನಿ, ನೆನಪಿಡ್ರಿ!"

ಮುಂಗಾರಿನ ಮೊದಲ ಮಳೆ ಒಡೆದ ಹೆಂಚಿನೊಳಗಿಂದ ಅಂಗಡಿಗೆ ಇಳಿಯಿತು. ಶೇಖಸಾಬರಿಗೆ ಜೀವವೇ ಹಾರಿತು.

"ಗಿರಿಯಪ್ಪ, ಈ ಡಬ್ಬೀಗೆ ಒಂದ ಹನಿ ನೀರ ತಾಗಿದ್ರ ನಾನೂ ಇಲ್ಲ, ನೀನೂ ಇಲ್ಲ. ಅಂಗಡಿ ರಿಪೇರಿ ಆಗೋತನಕ ನಿಮ್ಮ ಮನ್ಯಾಗ ಇಟ್ಕೋಪಾ" ಎಂದರು.

ಹೀಗೆ ಕಾರ್ಬೈಡು ತುಂಬಿದ ಸೀಮೆಎಣ್ಣೆ ಡಬ್ಬಿಯೊಂದು, ಬಾಯಿಗೆ ಎಣ್ಣೆ ಅರಿವೆ ತುರುಕಿಸಿಕೊಂಡು, ಗಿರಿಯಪ್ಪನ ಮನೆಯ ಒಳಕೋಣೆಯ ಮೂಲೆ ಸೇರಿತು. "ಯವ್ವಾ, ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಅವನು ಹೇಳಿದ್ದೂ ನಿಜ, ಅವನ ತಾಯಿ ದಾನವ್ವ "ಹೂಂ" ಅಂದದ್ದೂ ನಿಜ. ಆದರೆ ಆಕೆ ಆಗ ಅರೆನಿದ್ದೆಯಲ್ಲಿದ್ದಳು. ಗ್ಯಾಸಿನ ಮಾತು ಶುರುವಾದರೆ ಆ ಮನೆಯಲ್ಲಿ ಎಲ್ಲರಿಗೂ ನಿದ್ದೆ ಬರುತ್ತಿತ್ತು.

ಮರುದಿನ ತಂಗಿ ಫಕ್ಕೀರವ್ವನನ್ನು ನೋಡಲು ತಡಸದಿಂದ ಬೀಗರು ಬರುವವರಿದ್ದರು. ಫಕ್ಕೀರವ್ವ ಚೆಲುವೆ, ಕೆಲಸಗಾತಿ. ಆದರೂ ಹಿಂದೆ ಬಂದಿದ್ದ ಎರಡು ಸಂಬಂಧ ಮುರಿದುಬಿದ್ದಿದ್ದವು. ಒಮ್ಮೆ ಬೆಕ್ಕು ಅಡ್ಡ ಬಂತು, ಇನ್ನೊಮ್ಮೆ ಹೆಣ್ಣನ್ನು ಕರೆತರುವ ಹೊತ್ತಿಗೆ ಗಿರಿಯಪ್ಪನೇ ಸೀನಿದ. ಇದೂ ತಪ್ಪಿದರೆ ಹುಡುಗಿಗೆ ಅಪಶಕುನದ ಹೆಸರು ಗಟ್ಟಿಯಾಗಿ, ಬಾಗಿಲಿಗೆ ಮತ್ತೊಬ್ಬರು ಬರುವಂತಿರಲಿಲ್ಲ. ತಂಗಿ ಬಾಯಿಬಿಟ್ಟು ಅಣ್ಣನಿಗೆ ಏನೂ ಅಂದಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ಗಂಡಿನ ತಂದೆ ಪರಮೇಶ್ವರಪ್ಪ ತಡಸದಲ್ಲಿ ದೊಡ್ಡ ಆಚಾರವಂತ. ಮಠದ ಅಯ್ಯನವರ ಮುಂದೆ ಆಣೆ ಮಾಡಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿಟ್ಟವನು. ಬೆಳ್ಳುಳ್ಳಿ ಇದ್ದ ಮನೆಯಲ್ಲಿ ನೀರೂ ಕುಡಿಯುವುದಿಲ್ಲವೆಂದು ಸುದ್ದಿ. ಹಾಗಾಗಿ ದಾನವ್ವ ಮನೆಯಲ್ಲಿದ್ದ ಬೆಳ್ಳುಳ್ಳಿ ಗೊಂಚಲನ್ನೆಲ್ಲ ಪಕ್ಕದ ಮನೆಯ ಮಹಾದೇವಕ್ಕನಿಗೆ ದಾಟಿಸಿ, ನೆಲ ಸಾರಿಸಿ, ಲೋಬಾನ ಹಾಕಿ, ಹೋಳಿಗೆಗೆ ಕಡಲೆಬೇಳೆ ಬೇಯಲಿಟ್ಟಿದ್ದಳು. ಬೆಳಿಗ್ಗೆ ಪರಮೇಶ್ವರಪ್ಪನ ಆಳು ಚೌಡಪ್ಪ ಧಣಿಗಿಂತ ಮುಂದಾಗಿ ಬಂದು ಒಂದು ಬುತ್ತಿಗಂಟು ತಂದುಕೊಟ್ಟ.

"ನಮ್ಮ ಧಣ್ಯಾರು ಎಲ್ಲಿ ಹೋದ್ರೂ ತಮ್ಮ ಬುತ್ತಿ ತಾವ ಕಟ್ಟಿಕೊಂಡು ತಾವ ಬಿಚ್ಚತಾರ್ರಿ. ಯಾರೂ ಮುಟ್ಟಂಗಿಲ್ಲ" ಎಂದ.

ಎಂಥ ನೇಮಸ್ಥರು ಬೀಗರಾಗುತ್ತಿದ್ದಾರೆ ಎಂದು ಗಿರಿಯಪ್ಪನಿಗೆ ಹೆಮ್ಮೆಯಾಯಿತು. ಗಂಟನ್ನು ಕಣ್ಣಿಗೊತ್ತಿಕೊಂಡು ಒಳಕೋಣೆಯ ಗೂಟಕ್ಕೆ ತೂಗುಹಾಕಿ, ಎಲೆ ಅಡಿಕೆ ತರಲು ಪೇಟೆಗೆ ಹೋದ.

ತಿರುಗಿ ಬಂದಾಗ ಹೊಸ್ತಿಲಲ್ಲೇ ಅವನ ಮೂಗಿಗೆ ಏನೋ ಬಡಿಯಿತು. ಬೆಳ್ಳುಳ್ಳಿ. ಅವನ ಕೈಯ ಎಲೆಕಟ್ಟು ನೆಲಕ್ಕೆ ಬಿತ್ತು.

"ಯವ್ವಾ, ಮನ್ಯಾಗ ಬಳ್ಳೊಳ್ಳಿ ಐತೇನ?"

"ಬಿಡ್ತು ಅನ್ನು! ಒಂದ ಎಸಳ ಸೈತ ಇಲ್ಲ. ನನಗೂ ಮೂಗಿಗೆ ಹೊಡ್ಯಾಕತ್ತೈತಿ, ಎಲ್ಲಿಂದ ಬಂತೋ ಶಿವನೇ ಬಲ್ಲ" ಎಂದಳು ದಾನವ್ವ.

ಗಿರಿಯಪ್ಪ ಒಳಕೋಣೆಗೆ ಓಡಿದ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮಣ್ಣಿನ ಬಾನಿಯೊಂದು ಕೊತಕೊತ ಕುದಿಯುತ್ತಿತ್ತು, ಬಿಳಿ ಆವಿ ಮಾಡಿಗೆ ಮುಟ್ಟಿತ್ತು. ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬಿ ಬರಿದಾಗಿ ಬಿದ್ದಿತ್ತು. ಫಕ್ಕೀರವ್ವ ಸೆರಗು ಸಿಕ್ಕಿಸಿ ಕೋಲಿನಿಂದ ಕಲಕುತ್ತಿದ್ದಳು.

"ಇದೇನ ಮಾಡಾಕತ್ತಿ?"

"ಸುಣ್ಣ ಅಣ್ಣಾ. ಯಾರದೋ ಎಮ್ಮಿ ಬಂದು ಮುಂದಿನ ಗ್ವಾಡಿಗೆ ಮೈ ತಿಕ್ಕಿ ಹೋಗೈತಿ. ಬೀಗರು ಬರೂದರಾಗ ಒಂದ ಕೈ ಬಳದಬಿಡೂಣು ಅಂತ, ಮೂಲ್ಯಾಗಿನ ಡಬ್ಬಿ ಸುರುವಿ ನೀರ ಹೊಡದೆ."

ಗಿರಿಯಪ್ಪ ಬಾನಿಯೊಳಗೆ ಇಣುಕಿದ. ಸುಣ್ಣದ ಕಲ್ಲಿಗೂ ಕಾರ್ಬೈಡಿಗೂ ನೋಡಲು ಹೆಚ್ಚು ಫರಕಿಲ್ಲ. ನೀರು ಕಂಡರೆ ಎರಡೂ ಕುದಿಯುತ್ತವೆ, ಕುದಿದ ಮೇಲೆ ಎರಡರಿಂದಲೂ ಉಳಿಯುವುದು ಬಿಳಿ ರಾಡಿಯೇ. ಡಬ್ಬಿಯಷ್ಟು ಕಾರ್ಬೈಡು ಗ್ಯಾಸಾಗಿ ಮನೆ ತುಂಬ ಕೂತಿದೆ, ಪಕ್ಕದ ಅಡಿಗೆಮನೆಯಲ್ಲಿ ಒಲೆ ಧಗಧಗ ಉರಿಯುತ್ತಿದೆ! ಅವನು ಒಂದೇ ನೆಗೆತಕ್ಕೆ ಅಡಿಗೆಮನೆಗೆ ಹಾರಿ, ಕೊಡಪಾನ ಎತ್ತಿ ಒಲೆಯ ಮೇಲೆ ಸುರಿದ. ಒಲೆ ಭುಸ್ಸೆಂದಿತು. ಬೂದಿಯೆಲ್ಲ ಎದ್ದು ಹೂರಣದ ಮೇಲೆ ಕೂತಿತು.

"ಅಯ್ಯೋ ನಿನ್ನ! ಹೂರಣಾ!" ಎಂದು ದಾನವ್ವ ಚೀರುವುದರೊಳಗೆ ಅವನು ದೇವರ ಜಗಲಿಯ ದೀಪವನ್ನೂ ಉಫ್ ಎಂದು ಊದಿ ಆರಿಸಿದ್ದ. ದಾನವ್ವ ಎದೆ ಹಿಡಿದುಕೊಂಡು ಕೂತಳು. ಗಿರಿಯಪ್ಪ ಆಕೆಯ ಕಿವಿಯಲ್ಲಿ ಗ್ಯಾಸಿನ ಸಂಗತಿ ಹೇಳಿದ.

"ಬಾಗಲಾ ತಗದ ಇಟ್ರೂ ಸಂಜೀತನಕ ಮಾಡಿನ ಸಂದ್ಯಾಗ ಕುಂತಿರ್ತೈತಿ ಯವ್ವಾ. ಒಂದ ಕಿಡಿ ಸಾಕು. ಬೀಗರಿಗೆ ಹೇಳಿ ಇನ್ನೊಂದ ದಿನಾ ಬರ್ರಿ ಅನ್ನೂಣು."

"ಹುಚ್ಚಪ್ಪ ಅದೀಯೇನ? ಮನಿ ಹಾರಿ ಹೋಗ್ತೈತಿ, ತಿರಿಗಿ ಹೋಗ್ರಿ ಅಂದ್ರ ಅವ್ರು ಮತ್ತ ಬರ್ತಾರೇನ? ಬೆಕ್ಕಿಗೆ ಹೆದರಿ ಒಬ್ರು ಹೋದ್ರು, ನಿನ್ನ ಸೀನಿಗೆ ಇನ್ನೊಬ್ರು ಹೋದ್ರು. ಹುಡುಗಿ ಮಾರಿ ನೋಡು ಸ್ವಲ್ಪ. ಬಾಯಿ ಬಿಟ್ಟೀ ಅಂದ್ರ ನನ್ನಾಣಿ!"

ಫಕ್ಕೀರವ್ವ ಕೈಗೆ ಅಂಟಿದ ಸುಣ್ಣವನ್ನು ಒರೆಸಿಕೊಳ್ಳದೆ ನಿಂತಿದ್ದಳು. ತಾನೇ ಸುರಿದ ತಪ್ಪಿಗೆ ಆಕೆಯ ಕಣ್ಣು ತುಂಬಿಬಂದಿತ್ತು. ಗಿರಿಯಪ್ಪನಿಗೆ ಕರುಳು ಚುರ್ ಎಂದಿತು. ಏನಾದರಾಗಲಿ, ಈ ಸಲ ತನ್ನ ತಂಗಿಯ ಮದುವೆ ತಪ್ಪಬಾರದು ಎಂದುಕೊಂಡ.

ಅಷ್ಟರಲ್ಲಿ ಪಕ್ಕದ ಮನೆಯ ಮಹಾದೇವಕ್ಕ ಗೋಡೆಯ ಮೇಲಿಂದ ಇಣುಕಿದಳು. ಗಂಡ ಸತ್ತ ಮೇಲೆ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದ ಆಕೆಗೆ ಇತರರ ಮನೆಯ ಸಂಗತಿಯೇ ಊಟ, ಫಲಹಾರ ಎಲ್ಲ.

"ಯಾಕ ದಾನವ್ವಾ, ಹೊಗಿ ಬರಾಕತ್ತೈತಿ, ನೀ ಅಳಾಕತ್ತೀದಿ? ಬೀಗರು ಬರಂಗಿಲ್ಲಂತೇನು?"

ಗಿರಿಯಪ್ಪನಿಗೆ ದೇವರೇ ಇಣುಕಿದಂತಾಯಿತು. "ಅಕ್ಕಾರ, ನಮ್ಮ ಮನ್ಯಾಗ ಸುಣ್ಣಾ ಹಸಿ ಐತ್ರಿ. ಇವತ್ತೊಂದ ದಿನಾ ಬೀಗರನ್ನ ನಿಮ್ಮ ಪಡಸಾಲ್ಯಾಗ ಕುಂದರಸ್ತೇನ್ರಿ, ಅಡಗೀನೂ ನಿಮ್ಮಲ್ಲೇ ಮಾಡ್ತೇವ್ರಿ."

ಮಹಾದೇವಕ್ಕ ಬೇಡ ಎನ್ನುವವಳೇ? ಇಡೀ ಆಟ ಆಕೆಯ ಅಂಗಳಕ್ಕೇ ಬಂದಿತ್ತು. ಗಿರಿಯಪ್ಪ ಓಡಾಡಿ ಅಡಿಗೆಯ ಪಾತ್ರೆಗಳನ್ನೆಲ್ಲ ಆ ಮನೆಗೆ ಸಾಗಿಸಿದ, ಒಲೆ ಹೊತ್ತಿಸಿದ, ದೇವರ ದೀಪ ಹಚ್ಚಿದ, ಬೀಗರ ಕೈಕಾಲಿಗೆ ಬಿಸಿನೀರು ಬೇಕಾದೀತೆಂದು ಬಚ್ಚಲಿನ ಹಂಡೆಯ ಒಲೆಗೂ ಕಟ್ಟಿಗೆ ತುಂಬಿ ತನ್ನ ಕೈಯಾರೆ ಬೆಂಕಿ ಹಾಕಿದ. ಇಲ್ಲಿ ಎಷ್ಟು ಉರಿದರೂ ಹೆದರಿಕೆಯಿಲ್ಲ ಎಂದು ಉಸಿರುಬಿಟ್ಟ.

ಬಿಟ್ಟ ಉಸಿರು ತಿರುಗಿ ಎಳೆದುಕೊಳ್ಳುವುದರೊಳಗೆ ಗಾಡಿಯ ಗಂಟೆ ಕೇಳಿಸಿತು. ಹೊರಗೆ ಬಂದು ನೋಡುತ್ತಾನೆ, ಪರಮೇಶ್ವರಪ್ಪ ಆಗಲೇ ಇಳಿದು ಗಿರಿಯಪ್ಪನ ಮನೆಯ ತೆರೆದ ಬಾಗಿಲಲ್ಲಿ ನಿಂತಿದ್ದಾನೆ! ದಪ್ಪ ಮೀಸೆ, ತಲೆಗೆ ಸುತ್ತಿದ ಬಿಳಿ ಪಟಗ, ಬಾಯಲ್ಲಿ ಚುಟ್ಟಾ, ಕೈಯಲ್ಲಿ ಕಡ್ಡಿಪೆಟ್ಟಿಗೆ. ಹಿಂದೆ ಮಗ ಕರಬಸಪ್ಪ ನಾಚಿಕೊಂಡು ನೆಲ ನೋಡುತ್ತಿದ್ದ. ಪರಮೇಶ್ವರಪ್ಪ ಕಡ್ಡಿ ಗೀರಿದ.

ಗಿರಿಯಪ್ಪ ಓಡಿಬಂದು ಉಫ್ ಎಂದ.

ಪರಮೇಶ್ವರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ ಇನ್ನೊಂದು ಕಡ್ಡಿ ಗೀರಿದ. ಗಿರಿಯಪ್ಪ ಅದನ್ನೂ ಊದಿದ. ಮತ್ತೊಂದು ತೆಗೆಯುವುದರೊಳಗೆ ಪೆಟ್ಟಿಗೆಯನ್ನೇ ಕಸಿದುಕೊಂಡು ಬಗಲಲ್ಲಿಟ್ಟುಕೊಂಡ.

"ಏ ತಮ್ಮಾ, ಏನಿದು?"

"ತಪ್ಪ ತಿಳೀಬ್ಯಾಡ್ರಿ ಬೀಗರ! ಹೆಣ್ಣ ನೋಡಾಕ ಬಂದ ದಿನಾ ನಮ್ಮ ಮನ್ಯಾಗ ಬೆಂಕಿ ಹೊತ್ತಸಂಗಿಲ್ರಿ. ಪದ್ಧತಿ ಐತ್ರಿ."

"ಬೆಂಕಿ ಇಲ್ದ ಅಡಗಿ ಹೆಂಗ ಮಾಡ್ತೀರಿ?"

"ಮಗ್ಗಲ ಮನ್ಯಾಗ್ರಿ!"

ಇಷ್ಟರಲ್ಲಿ ಕರೆಯದೆ ಬರುವುದರಲ್ಲಿ ಎತ್ತಿದ ಕೈಯಾದ ಮಹಾದೇವಕ್ಕ ತನ್ನ ಮನೆಯಿಂದ ಆರತಿ ತಟ್ಟೆ ಹಿಡಿದು, ಎರಡು ದೀಪ ಬೆಳಗಿಸಿಕೊಂಡು, "ಬೀಗರಿಗೆ ಆರತಿ ಆಗಲೆವ್ವಾ" ಎಂದು ಹಾಡುತ್ತ ದಾನವ್ವನ ಹೊಸ್ತಿಲಿಗೇ ಬಂದಳು. ಗಿರಿಯಪ್ಪ ನೆಗೆದು ಎರಡೂ ದೀಪವನ್ನು ಬರಿಗೈಯಲ್ಲಿ ಹಿಸುಕಿದ. ಬೆರಳು ಸುಟ್ಟು "ಹಾ" ಎಂದ. ಓಣಿಯ ಜನರೆಲ್ಲ ಕಟ್ಟೆಯಿಂದ ಎದ್ದು ನಿಂತರು.

"ಆರತಿ ಆರಿಸಿಬಿಟ್ನಲ್ಲೋ!" ಎಂದು ಯಾರೋ ಅಂದರು. ಪರಮೇಶ್ವರಪ್ಪನ ಮೀಸೆ ಅಲುಗಿತು. ದಾನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಪ್ಪಾ, ಒಬ್ಬೊಬ್ರದು ಒಂದೊಂದ ಪದ್ಧತಿ. ಮಗ್ಗಲ ಮನಿಗೇ ಹೋಗೂಣು ನಡೀರಿ" ಎಂದು ಕರಬಸಪ್ಪ ಮೆಲ್ಲಗೆ ಅಂದ. ಅವನ ಕಣ್ಣು ಆಗಲೇ ಬಾಗಿಲ ಮರೆಯ ಫಕ್ಕೀರವ್ವನನ್ನು ಕಂಡಿತ್ತು. ಗಿರಿಯಪ್ಪನಿಗೆ ಆ ಹುಡುಗನ ಕಾಲು ಹಿಡಿಯಬೇಕೆನ್ನಿಸಿತು.

ಮಹಾದೇವಕ್ಕನ ಪಡಸಾಲೆಯಲ್ಲಿ ಎಲ್ಲ ಹದಕ್ಕೆ ಬಂತು. ಬಿಸಿನೀರು ಬಂತು, ಶರಬತ್ತು ಬಂತು. ಗಿರಿಯಪ್ಪ ತಾನೇ ಕಡ್ಡಿ ಗೀರಿ ಪರಮೇಶ್ವರಪ್ಪನ ಚುಟ್ಟಾ ಹೊತ್ತಿಸಿ, "ಇಲ್ಲಿ ಎಷ್ಟ ಬೇಕಾದ್ರೂ ಸೇದ್ರಿ ಬೀಗರ, ಇದು ನಿಮ್ಮನಿ ಅಂತ ತಿಳ್ಕೋರಿ" ಎಂದ. ಹೇಗೂ ಮನೆ ಮಹಾದೇವಕ್ಕನದು, ಹಾಗೆ ಹೇಳಲು ಅವನಿಗೇನು. ಮೇಲಿನ ಬೂದಿ ಬಳಿದು ತೆಗೆದ ಹೂರಣದ ಹೋಳಿಗೆಯ ಘಮ ಅಡಿಗೆಮನೆಯಿಂದ ತೇಲಿಬಂತು. ಫಕ್ಕೀರವ್ವ ಹಸಿರು ಇಳಕಲ್ ಸೀರೆಯುಟ್ಟು, ಹೊಸದಾಗಿ ಬೆಳಗಿದ ಆರತಿ ಹಿಡಿದು ಬಂದು ನಿಂತಳು. ಬೆಕ್ಕು ಬರಲಿಲ್ಲ. ಗಿರಿಯಪ್ಪ ಮೂಗನ್ನು ಎರಡು ಬೆರಳಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಮೂಗು ಬಿಟ್ಟಾಗ ಸಣ್ಣಗೆ ಬೆಳ್ಳುಳ್ಳಿ ವಾಸನೆ ಬಂತು. ಇದು ತಾವೇ ಕೊಟ್ಟ ಗೊಂಚಲು, ಎಲ್ಲೋ ಹಿತ್ತಲಲ್ಲಿ ತೂಗುಹಾಕಿರಬೇಕು ಎಂದುಕೊಂಡ. ಪರಮೇಶ್ವರಪ್ಪ ಎದ್ದುಹೋದಾನೆಂದು ಹೆದರಿ ನೋಡಿದರೆ, ಆತ ಮೂಗರಳಿಸಿ, ಕಣ್ಣು ಮುಚ್ಚಿ ಸುಮ್ಮನೆ ಚುಟ್ಟಾ ಎಳೆಯುತ್ತಿದ್ದ.

"ಹುಡುಗಿ ಲಕ್ಷಣ ಅದಾಳ" ಎಂದು ಪರಮೇಶ್ವರಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಕಡಿಂದ ಏನಪಾ ಅಂದ್ರ..."

ಆ ಒಂದು ಮಾತಿಗಾಗಿ ಎಲ್ಲರೂ ಕಿವಿ ನಿಮಿರಿಸಿ ಕೂತಿದ್ದಾಗ ಮಹಾದೇವಕ್ಕ ಕೈ ಒರೆಸಿಕೊಳ್ಳುತ್ತ ಹಿಂದಿನಿಂದ ಬಂದು ಗಿರಿಯಪ್ಪನ ಪಕ್ಕ ಕೂತಳು. ಸುಮ್ಮನೆ ಕೂರುವ ಬಾಯಲ್ಲ ಅದು.

"ನಿಮ್ಮವ್ವ ಭಾಳ ದೊಡ್ಡ ಮನಸಿನಾಕಿ ನೋಡ ಗಿರಿಯಪ್ಪಾ. ಮುಂಜಾನೆ ಸುಣ್ಣದಂವ ಬಂದಾಗ ಆಕಿ ಒಂದ ಡಬ್ಬಿ ತಗೊಂಡ್ಳು, ನನ್ನ ಕಡೆ ಚಿಲ್ರೆ ಇರಲಿಲ್ಲ. ಕೇಳಾಕ ಹೋದ್ರ, ಮೂಲ್ಯಾಗ ಎರಡ ಡಬ್ಬಿ ಅದಾವು, ಒಂದ ಒಯ್ಯವಾ ಅಂದ್ಳು. ಈಗ ನೀರ ಹೊಡದ ಬಂದೆ. ಏನ್ ಕುದೀತೈತೀ ಅಂತಿ!"

ಗಿರಿಯಪ್ಪ ಆಕೆಯ ಕಡೆ ತಿರುಗಿದ. "ಎರಡ ಡಬ್ಬಿ? ನೀವು... ಯಾವ ಡಬ್ಬಿ ಒಯ್ದ್ರಿ?"

"ಬಾಯಿಗೆ ಎಣ್ಣಿ ಅರಿವಿ ತುರಕಿತ್ತಲ್ಲ, ಅದು."

"ನೀರ... ಎಲ್ಲಿ ಹೊಡದ್ರಿ?"

"ಬಚ್ಚಲದಾಗ. ಹಂಡೇ ಒಲಿ ಮಗ್ಗಲಾಗ."

ತನ್ನ ಮನೆಯಲ್ಲಿ ಕುದ್ದದ್ದು ಬರೀ ಸುಣ್ಣ! ಊರ ಬೆಂಕಿಯನ್ನೆಲ್ಲ ಬಳಿದು ತಂದು ಕಾರ್ಬೈಡಿನ ಪಕ್ಕಕ್ಕೆ ತಾನೇ ಇಟ್ಟಿದ್ದ. ಗಿರಿಯಪ್ಪ ಎದ್ದು ನಿಂತು ಕೂಗಿದ:

"ಬೆಂಕಿ ಆರಸ್ರಿ! ಎಲ್ಲಾರೂ ಹೊರಗ ಓಡ್ರಿ!"

ಒಬ್ಬರೂ ಏಳಲಿಲ್ಲ. "ಮತ್ತ ಸುರು ಆತು ಇವನ ಪದ್ಧತಿ" ಎಂದ ಪರಮೇಶ್ವರಪ್ಪ. ದಾನವ್ವ ಹಣೆ ಚಚ್ಚಿಕೊಂಡಳು. ಮಹಾದೇವಕ್ಕ, "ಬಚ್ಚಲ ಒಲಿ ಆರಸಬೇಕು ಹೌದಿಲ್ಲೋ? ತಡಿ, ಒಂದ ಕೊಡಾ ನೀರ ಚಲ್ಲಿ ಬರ್ತೇನಿ" ಎಂದು ಕೊಡ ಎತ್ತಿದಳು.

"ನೀರ ಬ್ಯಾಡ್ರೀ ಅಕ್ಕಾರ! ನೀರ ಬ್ಯಾಡ!" ಗಿರಿಯಪ್ಪ ಕೊಡಕ್ಕೆ ಜೋತುಬಿದ್ದ.

"ಬೆಂಕಿ ಆರಸೂ ಅಂತಾನ, ನೀರ ಬ್ಯಾಡ ಅಂತಾನ! ಉಗುಳಿ ಆರಸ್ಲೇನೋ?"

ಆಕೆ ಎಳೆದಳು, ಅವನೂ ಎಳೆದ. ಕೊಡ ಇಬ್ಬರ ನಡುವೆ ಇದ್ದಾಗಲೇ ಹಿತ್ತಲಲ್ಲಿ ಢಮ್ ಎಂದಿತು.

ಪಡಸಾಲೆಯ ನೆಲ ನಡುಗಿತು. ಬಚ್ಚಲಿನ ಹೆಂಚುಗಳು ಹಕ್ಕಿಗಳಂತೆ ಹಾರಿದವು. ತಾಮ್ರದ ಹಂಡೆ ಹಿತ್ತಲ ಗೋಡೆ ದಾಟಿ ಓಣಿಯಲ್ಲಿ ಉರುಳಿಕೊಂಡು ಹೋಯಿತು. ಆಮೇಲೆ ಹಿಂಬಾಗಿಲಿನಿಂದ ಬಿಳಿ ರಾಡಿಯ ಮಳೆ ಒಳಗೆ ನುಗ್ಗಿತು. ಬಚ್ಚಲಲ್ಲಿ ಯಾರೂ ಇರದಿದ್ದುದು ಪುಣ್ಯ, ಯಾರಿಗೂ ಗಾಯವಾಗಲಿಲ್ಲ. ಆದರೆ ಪಡಸಾಲೆಯಲ್ಲಿ ಗುರುತು ಸಿಗುವ ಮುಖ ಒಂದೂ ಉಳಿಯಲಿಲ್ಲ. ಪರಮೇಶ್ವರಪ್ಪ ಪಟಗದಿಂದ ಪಾದದವರೆಗೆ ಬೆಳ್ಳಗಾಗಿದ್ದ, ನಡುವೆ ಚುಟ್ಟಾ ಮಾತ್ರ ಕಾಣುತ್ತಿತ್ತು.

"ಚೌಡಪ್ಪಾ, ಗಾಡಿ ಹೂಡು!" ಎಂದು ಆ ಬಿಳಿ ಆಕೃತಿ ಗುಡುಗಿತು. "ಇಂಥಾ ಮನಿ ಸಂಬಂಧ ನಮಗ ಬ್ಯಾಡ. ನನ್ನ ಬುತ್ತಿ ತರ್ರಿ, ಹೊಂಡತೇನಿ!"

ಫಕ್ಕೀರವ್ವನ ಆರತಿ ಆರಿಹೋಗಿತ್ತು. ಸುಣ್ಣ ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ಗೆರೆ ಎಳೆಯುತ್ತಿತ್ತು. "ಇರ್ಲಿ ಬಿಡ ಅಣ್ಣಾ" ಎಂದಳು. ಆ ಮಾತಿಗೆ ಗಿರಿಯಪ್ಪನ ಎದೆ ಒಡೆದು ಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಬುತ್ತಿ ತರಲು ತನ್ನ ಮನೆಗೆ ಕಾಲೆಳೆದುಕೊಂಡು ಹೋದ. ಒಳಕೋಣೆಯಲ್ಲಿ ಸುಣ್ಣ ತಣ್ಣಗಾಗಿ ಕೂತಿತ್ತು. ಆದರೆ ಬೆಳ್ಳುಳ್ಳಿ ವಾಸನೆ ಹಾಗೇ ಇತ್ತು. ಗ್ಯಾಸು ಇಲ್ಲ, ಬೆಳ್ಳುಳ್ಳಿಯೂ ಇಲ್ಲ, ಹಾಗಾದರೆ ಇದೆಲ್ಲಿಯದು? ಮೂಗನ್ನು ಮುಂದೆ ಮಾಡಿಕೊಂಡು ಹೊರಟ. ಬಾನಿ ದಾಟಿ, ಗೋಡೆ ಹಿಡಿದು, ಮೂಗು ನೆಟ್ಟಗೆ ಗೂಟದ ಹತ್ತಿರ ನಿಂತಿತು. ಬುತ್ತಿಗಂಟಿನ ತಳದಲ್ಲಿ ಕೆಂಪು ಎಣ್ಣೆ ಜಿನುಗಿತ್ತು. ಗಂಟಿನ ಸಂದಿಯಿಂದ ಇಣುಕಿ ನೋಡಿದ. ಜೋಳದ ರೊಟ್ಟಿ, ಅದರ ಮೇಲೆ ಮುಷ್ಟಿ ಗಾತ್ರದ ಬಳ್ಳೊಳ್ಳಿ ಖಾರ!

ಗಿರಿಯಪ್ಪ ಗಂಟನ್ನು ತಂದವನು ಪರಮೇಶ್ವರಪ್ಪನ ಕಿವಿಯ ಹತ್ತಿರ ಬಗ್ಗಿದ.

"ಬೀಗರ, ಎಲ್ಲಾರೂ ಹಸದಾರ. ನಿಮ್ಮ ಬುತ್ತಿ ಇಲ್ಲೇ ಬಿಚ್ಚಿ ಎಲ್ಲಾರಿಗೂ ಒಂದೊಂದ ತುತ್ತ ಪ್ರಸಾದ ಹಂಚ್ಲ್ಯಾ?"

ಪರಮೇಶ್ವರಪ್ಪ ಗಂಟನ್ನು ನೋಡಿದ, ಕೆಂಪು ಕಲೆಯನ್ನು ನೋಡಿದ, ಗಿರಿಯಪ್ಪನನ್ನು ನೋಡಿದ. ಸುಣ್ಣದ ಅಡಿಯಲ್ಲಿ ಮುಖ ಯಾವ ಬಣ್ಣಕ್ಕೆ ತಿರುಗಿತೋ ತಿಳಿಯಲಿಲ್ಲ. ಗಂಟನ್ನು ಬಗಲಿಗೆ ಒತ್ತಿಕೊಂಡು ಮೆಲ್ಲಗೆ ಕೂತ.

"ಚೌಡಪ್ಪಾ, ಗಾಡಿ ಬಿಚ್ಚು. ನಾವು ಲಗ್ನಾ ಮಾಡೂದು ಹುಡುಗಿ ಕೂಡ, ಬಚ್ಚಲದ ಕೂಡ ಅಲ್ಲ. ಆರತಿ ಇನ್ನೊಮ್ಮಿ ಹಚ್ಚವಾ ತಂಗೀ, ಸಂಬಂಧ ನಮಗ ಒಪ್ಪಿಗಿ ಐತಿ" ಎಂದ.

ಆಷಾಢಕ್ಕೆ ಮೊದಲೇ ಮದುವೆಯಾಯಿತು. ಗ್ಯಾಸ್ ಬತ್ತಿ ಒಂದೂ ಬೇಡವೆಂದು ಬೀಗರು ಕಟ್ಟಪ್ಪಣೆ ಮಾಡಿದ್ದರಿಂದ ಮೆರವಣಿಗೆ ಪಂಜಿನ ಬೆಳಕಿನಲ್ಲಿ ನಡೆಯಿತು. ಗಿರಿಯಪ್ಪ ಹಗಲು ಮಹಾದೇವಕ್ಕನ ಬಚ್ಚಲು ಕಟ್ಟುತ್ತ, ಸಂಜೆ ಶೇಖಸಾಬರ ಬೈಗುಳ ತಿನ್ನುತ್ತ ದಿನ ತಳ್ಳಿದ. ಆದರೆ ತಂಗಿ ಸುಖವಾಗಿದ್ದಾಳೆಂದು ಸುದ್ದಿ ಬಂದಾಗಲೆಲ್ಲ ಎಲ್ಲವೂ ಹಗುರಾಗುತ್ತಿತ್ತು.

ನಾಗರ ಪಂಚಮಿ ಬಂತು. ತಂಗಿಯನ್ನು ತವರಿಗೆ ಕರೆತರಲು ಗಿರಿಯಪ್ಪ ಮಳೆಯಲ್ಲಿ ನೆನೆಯುತ್ತ ತಡಸಕ್ಕೆ ಹೋದ. ಹೊಟ್ಟೆ ಹಸಿದಿತ್ತು. ಅಡಿಗೆಮನೆಯಲ್ಲಿ ಒಲೆ ಉರಿಯುತ್ತಿತ್ತು, ಫಕ್ಕೀರವ್ವ ಅಣ್ಣನಿಗೆಂದು ಬಿಸಿ ಹೋಳಿಗೆಗೆ ಹಿಟ್ಟು ನಾದುತ್ತಿದ್ದಳು. ಪರಮೇಶ್ವರಪ್ಪ ಒಳಕೋಣೆಯಿಂದ ಮೀಸೆ ಒರೆಸಿಕೊಳ್ಳುತ್ತ ಹೊರಗೆ ಬಂದ. ಅವನ ಹಿಂದೆಯೇ ವಾಸನೆಯೂ ಬಂತು. ಅವನ ಹೆಂಡತಿ ಮೂಗೆತ್ತಿ ನಿಂತಳು. ಗಂಡನ ಆಣೆಯನ್ನು ಗಂಡನಿಗಿಂತ ಗಟ್ಟಿಯಾಗಿ ಕಾಯುವ ಹೆಂಗಸು ಆಕೆ.

"ಬಳ್ಳೊಳ್ಳಿ! ನನ್ನ ಮನ್ಯಾಗ ಬಳ್ಳೊಳ್ಳಿ ಎಲ್ಲಿಂದ ಬಂತರೀ?"

"ಬಳ್ಳೊಳ್ಳಿ ಅಲ್ಲ, ಗ್ಯಾಸು!" ಎಂದು ಪರಮೇಶ್ವರಪ್ಪ ಚೀರಿದ. "ಗಿರಿಯಪ್ಪ ಬಂದಾನಲ್ಲ, ಅಂವನ ಮೈಯಾಗೆಲ್ಲ ಗ್ಯಾಸು ಹೊಕ್ಕೈತಿ. ಮಹಾದೇವಕ್ಕನ ಬಚ್ಚಲಾ ಹಾರಿದ್ದು ಗೊತ್ತಿಲ್ಲೇನು? ಆರಸು, ಮೊದಲ ಒಲಿ ಆರಸು!"

ಗಿರಿಯಪ್ಪ ಬಾಯಿ ತೆರೆದ. ಎದುರಿಗೆ ಸೊಸೆಯಾಗಿ ಬಾಳುತ್ತಿದ್ದ ತಂಗಿ ನಿಂತಿದ್ದಳು. ತೆರೆದ ಬಾಯನ್ನು ಹಾಗೇ ಮುಚ್ಚಿದ. ಬೀಗತಿ ಕೊಡಪಾನ ಎತ್ತಿ ಒಲೆಯ ಮೇಲೆ ಸುರಿದಳು. ಒಲೆ ಭುಸ್ಸೆಂದಿತು, ಬೂದಿ ಎದ್ದು ಹೂರಣದ ಮೇಲೆ ಕೂತಿತು.

ಅವನು ಒದ್ದೆ ಅಂಗಿಯಲ್ಲೇ ಕೂತು ನಿನ್ನೆಯ ತಣ್ಣನೆಯ ರೊಟ್ಟಿ ತಿಂದ. ತಂಗಿಯನ್ನು ಕರೆದುಕೊಂಡು ಹೊರಡುವಾಗ ಪರಮೇಶ್ವರಪ್ಪ ಗಾಡಿಯವರೆಗೂ ಬಂದು, ಅವನ ಹೆಗಲ ಮೇಲೆ ಕೈಹಾಕಿ ಪ್ರೀತಿಯಿಂದ ಹೇಳಿದ:

"ತಿಂಗಳಾ ತಿಂಗಳಾ ಬರ್ತಿರಪಾ ಗಿರಿಯಪ್ಪಾ. ನೀ ಬಂದ ದಿನಾ ನೋಡು, ನಾ ನಿಶ್ಚಿಂತಿಲೆ ಉಣ್ಣೋದು."